ಗಂಗಾ-ಜಮುನಿ ಅಂಗಿಯ ಕಡಿ

ಆಜೂರ್ ೧೨, ಫಸಲಿ ೧೩೪೪. ಚಿತ್ತಾಪುರ

ಖಂಡೆ ಪೂಜೆಗೆ ಕರೆದನೆಂದು ಶಹಾಬಾದಿನ ಕಲ್ಯಾಣಪ್ಪನ ಮನೆಗೆ ಹೋಗಿದ್ದೆ. ಹೋಗಬಾರದಿತ್ತು.

ಈ ದಿನ ಎಲ್ಲರೂ ಕುಡುಗೋಲು, ಕೊಡಲಿ, ತಕ್ಕಡಿ ಇಟ್ಟು ಪೂಜೆ ಮಾಡುತ್ತಾರೆ. ಫರಸಿ ಕಲ್ಲಿನ ವ್ಯಾಪಾರಿಯಾದ ಕಲ್ಯಾಣಪ್ಪ ತನ್ನ ಹಾರೆ, ಸುತ್ತಿಗೆ ಇಟ್ಟು ಸುಮ್ಮನಿರಬಹುದಿತ್ತು. ಅವನು ಅವುಗಳನ್ನು ಮೂಲೆಗೆ ಸರಿಸಿ, ಪಡಸಾಲೆಯ ತುಂಬ ತನ್ನ ಢಾಲು, ಶಿರಸ್ತ್ರಾಣ, ಎದೆಗವಚಗಳನ್ನು ಸಾಲಾಗಿ ಜೋಡಿಸಿ, ಒಂದೊಂದಕ್ಕೂ ವಿಭೂತಿ ಹಚ್ಚಿ ಚೆಂಡುಹೂ ಏರಿಸಿದ್ದ. ಒಟ್ಟು ಹನ್ನೊಂದು. ನನ್ನ ಹತ್ತಿರ ಇರುವುದು ಏಳು.

ಇವು ಯಾವುವೂ ಯುದ್ಧ ಕಂಡವಲ್ಲ. ಅಸಲು ಜಹಗೀರುದಾರರ ಮನೆಗಳಲ್ಲಿರುತ್ತವೆ. ನಮ್ಮಂಥವರು ಅವನ್ನು ನೋಡಿಕೊಂಡು ಬಂದು ನಕಲು ಮಾಡಿಸುತ್ತೇವೆ. ನಕಲು ಎಂದು ಮೂಗು ಮುರಿಯುವವರಿಗೆ ಕಣ್ಣಿಲ್ಲ. ಅಸಲು ಯಾರೋ ಮುತ್ತಾತನಿಂದ ಪುಕ್ಕಟೆ ಬಂದಿರುತ್ತದೆ, ನಕಲನ್ನು ಹುಡುಕಿ, ಕಾದು, ಕಾಡಿ ಮಾಡಿಸಿಕೊಳ್ಳಬೇಕು. ಈ ಸೀಮೆಯಲ್ಲಿ ಈ ಹುಚ್ಚು ಹತ್ತಿದವರು ಇಬ್ಬರೇ. ಒಬ್ಬನೇ ಆಗಿದ್ದರೆ ಚೆನ್ನಾಗಿತ್ತು.

ಊಟಕ್ಕೆ ಕುಳಿತಾಗ ಕಲ್ಯಾಣಪ್ಪ ಹೇಳಿದ: "ವಕೀಲ್ರ, ಇನ್ನೊಂದ್ ಬರಲಿಕತ್ತದ. ಸೇಡಂ ಮಜೀದಸಾಬಗ ಹೇಳೀನಿ. ಗಂಗಾ-ಜಮುನಿ ಜಿರಹ."

ಜಿರಹ ಎಂದರೆ ಉಂಗುರದಂಥ ಸಣ್ಣ ಸಣ್ಣ ಕಡಿಗಳನ್ನು ಒಂದರೊಳಗೊಂದು ಸಿಕ್ಕಿಸಿ ಮಾಡುವ ಲೋಹದ ಅಂಗಿ. ಕಬ್ಬಿಣದ ಕಡಿಗಳ ನಡುವೆ ಹಿತ್ತಾಳೆಯ ಕಡಿಗಳಿಂದ ಚಿತ್ತಾರ ತೆಗೆದರೆ ಅದು ಗಂಗಾ-ಜಮುನಿ. ಸುಲೇಪೇಟದ ಕಡೆಯ ಒಬ್ಬ ಜಹಗೀರುದಾರನ ಮನೆಯಲ್ಲಿ ಅದರ ಅಸಲನ್ನು ಒಮ್ಮೆ ನೋಡಿದ್ದೆ. ಅಂದಿನಿಂದ ಅದು ನನ್ನ ಕಣ್ಣಲ್ಲೇ ಇದೆ. ಆದರೆ ಅಂಥದ್ದನ್ನು ಇಂದಿನ ಕಾಲದಲ್ಲಿ ಮಾಡುವವರು ಯಾರೂ ಉಳಿದಿಲ್ಲ ಎಂದುಕೊಂಡು ಸುಮ್ಮನಿದ್ದೆ. ಕಲ್ಯಾಣಪ್ಪ ಸುಮ್ಮನಿರಲಿಲ್ಲ.

"ಭಾಳ ಛಲೋ ಆತು ಕಲ್ಯಾಣಪ್ಪನೋರ" ಅಂದೆ. ಹೋಳಿಗೆಯನ್ನು ಎಲೆಯ ಅಂಚಿಗೆ ಸರಿಸಿದೆ. ಹೊಟ್ಟೆಕಿಚ್ಚಾಯಿತು ಎಂದು ಇಲ್ಲಿ ಬರೆದುಕೊಳ್ಳಲು ನನಗೇನೂ ನಾಚಿಕೆಯಿಲ್ಲ. ದಿನವಿಡೀ ಕೋರ್ಟಿನಲ್ಲಿ ಉರ್ದುವಿನಲ್ಲಿ ಬೇರೆಯವರ ಸುಳ್ಳು ಬರೆಯುತ್ತೇನೆ. ತಾರೀಖು ಕೋರ್ಟಿನ ಫಸಲಿ ತಿಂಗಳಿನದೇ ಇದ್ದರೇನು, ಈ ವಹಿಯಲ್ಲಾದರೂ ಕನ್ನಡದಲ್ಲಿ ನನ್ನ ನಿಜ ಇರಲಿ.

ಆಜೂರ್ ೧೪

ಶುಕ್ರವಾರ, ಕೋರ್ಟಿಗೆ ರಜೆ. ಏಳರ ಗಾಡಿಗೆ ಸೇಡಂಗೆ ಹೋದೆ. ಮಜೀದಸಾಬ ಅಂಗಡಿಯ ಕಟ್ಟೆಯ ಮೇಲೆ ಕುಳಿತು, ಕಣ್ಣಿಗೆ ನಾಲ್ಕು ಬೆರಳು ದೂರದಲ್ಲಿ ಕಡಿ ಹಿಡಿದುಕೊಂಡು ಇಕ್ಕಳದಿಂದ ಅದರ ಬಾಯಿ ಮುಚ್ಚುತ್ತಿದ್ದ. ಪಕ್ಕದಲ್ಲಿ ಆಗಲೇ ಅರ್ಧ ಬೆನ್ನು ತಯಾರಾಗಿ ಬಿದ್ದಿತ್ತು. ಕಪ್ಪು ಕಬ್ಬಿಣದ ನಡುವೆ ಹಿತ್ತಾಳೆಯ ಓರೆಚೌಕದ ಚಿತ್ತಾರ, ಸಾಲು ಸಾಲು ಶಂಕರಪೋಳಿಗಳು.

ನನ್ನ ಮನೆಯ ಏಳರಲ್ಲಿ ನಾಲ್ಕು ಅವನ ಕೈಯವೇ. ಆ ಸಲಿಗೆಯಿಂದ ಕೇಳಿದೆ, ಇದನ್ನು ನನಗೆ ಕೊಟ್ಟು ಕಲ್ಯಾಣಪ್ಪನಿಗೆ ಇನ್ನೊಂದು ಮಾಡಿಕೊಡಲು ಆಗುತ್ತದೆಯೇ ಎಂದು.

"ಆಗಂಗಿಲ್ರಿ ವಕೀಲ್‌ಸಾಬ್. ಜುಬಾನ್ ಕೊಟ್ಟೀನಿ" ಎಂದ. "ಮತ್ತ ಇನ್ನೊಂದ್ ಮಾಡ್ಲಿಕ್ಕ ಈ ಕಣ್ಣು ಉಳಿಬೇಕಲ್ಲ. ಇಪ್ಪತ್ತು ಸಾವಿರ ಕಡಿ ಅವ ನೋಡ್ರಿ ಇದಕ್ಕ."

"ಹಂಗಿದ್ರ ನಾ ಇಲ್ಲೇ ಕುಂತು ನೋಡಬಹುದೇನು?"

ಅವನು ತಲೆಯೆತ್ತಿ ನನ್ನನ್ನು ಸ್ವಲ್ಪ ಹೊತ್ತು ನೋಡಿದ. "ಕುಂದ್ರಿ. ಯಾರ್ ಬ್ಯಾಡಂದಾರ" ಎಂದ.

ನಾನು ನೋಡಲು ಕುಳಿತದ್ದು ಯಾಕೆಂದು ಅವನಿಗೇನು ಗೊತ್ತು. ಅಂಗಿ ನನ್ನದಾಗದಿದ್ದರೆ ಅದರ ಒಂದೊಂದು ಕುಂದೂ ನನಗೆ ಗೊತ್ತಿರಬೇಕು. ನಾಳೆ ಕಲ್ಯಾಣಪ್ಪ ನಾಲ್ಕು ಜನರನ್ನು ಕೂಡಿಸಿಕೊಂಡು ತೋರಿಸುವಾಗ, ಇಲ್ಲಿ ನೋಡಿ, ಇಲ್ಲಿ ಸಡಿಲವಾಗಿದೆ ಎಂದು ಮೆತ್ತಗೆ ಹೇಳಲು ಬರಬೇಕು.

ಮಜೀದಸಾಬನ ಹೆಂಡತಿ ಜಾನಬಿ ಚಹಾ ಕಳಿಸಿದಳು. ಬೇಡವೆಂದು ನನ್ನ ತಂಬಿಗೆಯ ನೀರನ್ನೇ ಕುಡಿದೆ.

ಆಜೂರ್ ೨೮

ಮೂರನೇ ಶುಕ್ರವಾರ. ಕುಂದು ಸಿಗುತ್ತಿಲ್ಲ. ಸುಮ್ಮನೆ ಕುಳಿತು ಕುಳಿತು ಬೇಸರವಾಗಿ, ಒಂದು ಇಕ್ಕಳ ಎತ್ತಿಕೊಂಡು ಒಂದು ಕಡಿ ಸಿಕ್ಕಿಸಿ ನೋಡಿದೆ. ಒಂದು ಕಡಿ ನಾಲ್ಕರೊಳಗೆ ಹೋಗಬೇಕು. ನನ್ನದು ಮೂರಕ್ಕೆ ಹೋಗಿ ನಿಂತಿತು. ಮಜೀದಸಾಬ ಅದನ್ನು ಬಿಚ್ಚಿ ನನ್ನ ಕೈಗೇ ಕೊಟ್ಟ. ಮೂರು ಸಲ ಬಿಚ್ಚಿದ. ನಾಲ್ಕನೆಯ ಸಲ ಬಿಚ್ಚಲಿಲ್ಲ.

ಹೆಬ್ಬೆರಳಿಗೆ ಬೊಬ್ಬೆ ಬಂದಿದೆ. ಕಲ್ಯಾಣಪ್ಪನ ಅಂಗಿಗಾಗಿ.

ದೈ ೩

ದೀಪಾವಳಿ. ಏಳನ್ನೂ ಗೋಡೆಯಿಂದ ಇಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಹೆಂಡತಿ ಶಿವಕಾಂತಮ್ಮ ಬಾಗಿಲಲ್ಲಿ ನಿಂತು ನೋಡಿ, "ಇವಕ್ಕ ತಿಕ್ಕೂದು ನೋಡಿದ್ರ, ದೇವರ ಜಗಲಿ ಏನ್ ಪಾಪ ಮಾಡೇದೋ" ಎಂದಳು. ಅವಳ ಮಾತಿಗೆ ಸಿಟ್ಟು ಬರಲಿಲ್ಲ. ನಾಲ್ಕು ಉಬ್ಬು ಗುಬುಟಿನ ಆ ದೊಡ್ಡ ಢಾಲು, ನಾನು ಎದೆಗವಚಿಕೊಂಡು ತಂದದ್ದು, ಯಾಕೋ ಇಂದು ತಟ್ಟೆಯ ಹಾಗೆ ಕಂಡಿತು.

ದೈ ೨೪

ಹೋದ ವಾರ ಮಜೀದಸಾಬ ಎರಡು ಚೀಲ ಕಡಿ ಕಟ್ಟಿಕೊಟ್ಟು, "ಹೊತ್ತ ಸಿಕ್ಕಾಗ ನಾಲ್ಕ್ ನಾಲ್ಕ್ ಜೋಡಿಸಿಡ್ರಿ. ಬಲಭುಜದ್ದು ನೀವೇ ನೋಡ್ಕೋರಿ" ಎಂದಿದ್ದ. ಕಪ್ಪು ಕೋಟಿನ ಕಿಸೆಯಲ್ಲಿ ಅವನ್ನು ಇಟ್ಟುಕೊಂಡು ಕೋರ್ಟಿಗೆ ಹೋಗುತ್ತೇನೆ. ಇವತ್ತು ಮುನ್ಸಿಫರ ಮುಂದೆ ನಿಂತು ವಕಾಲತ್ತು ತೆಗೆಯಲು ಹೋದರೆ ಕಡಿಗಳು ಸುರಿದು ನೆಲದ ತುಂಬ ಹರಿದಾಡಿದವು. ಎದುರು ಪಕ್ಷದ ವಕೀಲ ಅಮೀರ್ ಅಲಿ ಬಗ್ಗಿ ಆರಿಸಿಕೊಡುತ್ತ, "ಶರಣಬಸಪ್ಪನೋರ, ಇವು ಯಾವ ಮುಕದ್ದಮಾದ ಸಾಕ್ಷಿ?" ಎಂದ. ಎಲ್ಲರೂ ನಕ್ಕರು.

ಆರಿಸಿದ್ದರಲ್ಲಿ ಎರಡು ಸಿಗಲಿಲ್ಲ. ಸಂಜೆಯವರೆಗೂ ಆ ಎರಡರದ್ದೇ ಚಿಂತೆ. ಕಲ್ಯಾಣಪ್ಪ ಮಾತ್ರ ಶಹಾಬಾದಿನಲ್ಲಿ ಲೋಡಿಗೆ ಒರಗಿ ಕುಳಿತಿರುತ್ತಾನೆ. ಬೊಬ್ಬೆ ನನಗೆ, ಅಂಗಿ ಅವನಿಗೆ. ಇದು ಯಾವ ನ್ಯಾಯ ಎಂದು ಯಾರನ್ನು ಕೇಳಬೇಕು ತಿಳಿಯದು.

ಬಹಮನ್ ೧೭

ರಂಜಾನ್ ನಡೆದಿದೆ. ಮಜೀದಸಾಬರು ಉಪವಾಸ ಇರುವಾಗ ಅವರ ಮುಂದೆ ತಂಬಿಗೆ ಎತ್ತಲು ಮನಸ್ಸಾಗಲಿಲ್ಲ. ಮನೆಯಲ್ಲೇ ಬಿಟ್ಟು ಹೋದೆ. ಮಧ್ಯಾಹ್ನಕ್ಕೆ ನಾಲಿಗೆ ಒಣಗಿತು. ಅವರಿಗೆ ತಿಳಿಯಿತೆಂದು ಕಾಣುತ್ತದೆ. "ಒಳಗ ಹೋಗಿ ನೀರ್ ಕುಡೀರಿ. ನಿಮಗ್ಯಾಕ ರೋಜಾ" ಎಂದರು. ಇರಲಿ ಎಂದೆ.

ಬಲಭುಜ ಹತ್ತು ಶಂಕರಪೋಳಿಯಷ್ಟು ಬಂದಿದೆ. ಅದನ್ನು ಅಂಗೈಯ ಮೇಲೆ ಹರವಿದರೆ ನೀರಿನಂತೆ ಇಳಿಯುತ್ತದೆ.

ಇಸ್ಫಂದಾರ್ ೪

ಈದ್. ಜಾನಬಿ ಬೆಳ್ಳಿ ಲೋಟದಲ್ಲಿ ಶೀರ್‌ಖುರ್ಮಾ ಕೊಟ್ಟರು. ಕುಡಿದೆ. ಇದನ್ನು ಶಿವಕಾಂತಮ್ಮನಿಗೆ ಹೇಳುವುದು ಬೇಡ.

ಫರ್ವರ್ದಿ ೬

ಕಲ್ಯಾಣಪ್ಪ ಸೇಡಂಗೆ ಬಂದಿದ್ದ. ನಾನು ಭುಜದ ಮೇಲೆ ಬಗ್ಗಿ ಕುಳಿತಿದ್ದವನು ತಲೆಯೆತ್ತುವುದರೊಳಗೆ ಕಟ್ಟೆ ಹತ್ತಿದ. "ಅರೇ, ವಕೀಲ್ರ. ನೀವೂ ಇಲ್ಲಿ ಕೆಲಸಕ್ಕ ಹತ್ತೀರೇನು?" ಎಂದು ನಕ್ಕ. ನನ್ನ ಕೈಯಲ್ಲಿದ್ದದ್ದು ತನ್ನ ಅಂಗಿಯ ಭುಜ ಎಂದು ಅವನಿಗೆ ಹೊಳೆಯಲಿಲ್ಲ. ನಾನೂ ಹೇಳಲಿಲ್ಲ.

ಅವನು ಕಿಸೆಯಿಂದ ಒಂದು ಡಬ್ಬಿ ತೆಗೆದ. ಒಳಗೆ ಚಷ್ಮಾ. ಮುಂಬೈಗೆ ಕಲ್ಲು ಕಳಿಸಲು ಹೋದಾಗ ತಂದದ್ದಂತೆ. "ಹೋದ ಸಲ ಬಂದಾಗ ನೋಡಿದ್ನೆಪಾ, ನೀ ಕಣ್ಣು ಕಿವುಚಿಕೋತ ಕೆಲಸ ಮಾಡಾಕತ್ತಿದ್ದಿ. ಹಾಕ್ಕೋ ನೋಡೋಣು" ಎಂದು ಮಜೀದಸಾಬರಿಗೆ ಕೊಟ್ಟ. ಉಸ್ತಾದರು ಹಾಕಿಕೊಂಡರು. ಒಂದು ಕಡಿಯನ್ನು ಎತ್ತಿ ನೋಡಿದರು. ತಮ್ಮ ಅಂಗೈ ನೋಡಿಕೊಂಡರು. "ಇಷ್ಟೊಂದ್ ಗೆರಿ ಅವೇನು ನನ್ನ ಕೈಯಾಗ" ಎಂದರು. ಒಳಗಿಂದ ಜಾನಬಿಯನ್ನು ಕರೆದು ಅವರ ಮುಖ ನೋಡಿದರು. ಉಸ್ತಾದರ ಕಣ್ಣಲ್ಲಿ ನೀರಿತ್ತು.

ಹದಿನೇಳು ಶುಕ್ರವಾರ ನಾನು ಅವರ ಮಗ್ಗುಲಲ್ಲಿ ಕುಳಿತಿದ್ದೇನೆ. ಕಡಿಯನ್ನು ಕಣ್ಣಿಗೆ ತಾಗಿಸಿಕೊಂಡು ನೋಡುವುದನ್ನು ಪ್ರತಿ ಸಲವೂ ಕಂಡಿದ್ದೇನೆ. ಒಮ್ಮೆಯೂ ನನಗೆ ಚಷ್ಮಾ ಹೊಳೆಯಲಿಲ್ಲ. ಒಂದೇ ಸಲ ಬಂದುಹೋದ ಕಲ್ಯಾಣಪ್ಪನಿಗೆ ಹೊಳೆಯಿತು.

ಅಂಗಿ ಅವನದು. ಈಗ ಉಸ್ತಾದರೂ ಅವನವರು.

ಫರ್ವರ್ದಿ ೧೩

ಮಾಡಿದೆ.

ಉಸ್ತಾದರು ಜುಮ್ಮಾ ನಮಾಜಿಗೆ ಹೋಗಿದ್ದರು. ಅಂಗಡಿಯಲ್ಲಿ ನಾನೊಬ್ಬನೇ. ಎದೆಯ ಭಾಗ ಹೊಸದಾಗಿ ಮುಗಿದು ಮಣೆಯ ಮೇಲಿತ್ತು. ಎಡಗಡೆಯ ಮೂರನೇ ಶಂಕರಪೋಳಿಯ ನಡುವಿನ ಹಿತ್ತಾಳೆಯ ಕಡಿ ಬಿಚ್ಚಿ, ಅಲ್ಲಿ ಕಬ್ಬಿಣದ ಕಡಿ ಹಾಕಿದೆ. ಬಾಯಿ ಗಟ್ಟಿಯಾಗಿ ಮುಚ್ಚಿದೆ. ಮೊದಲ ನೋಟಕ್ಕೆ ಕಾಣುವುದಿಲ್ಲ. ಎರಡನೆಯ ನೋಟಕ್ಕೆ ಕಂಡರೆ ಆಮೇಲೆ ಅದನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ಕಲ್ಯಾಣಪ್ಪ ಅದನ್ನು ಪಡಸಾಲೆಯಲ್ಲಿ ನಿಲ್ಲಿಸಿ ಹತ್ತು ಜನರಿಗೆ ತೋರಿಸುವಾಗ ಅವರಲ್ಲಿ ಒಬ್ಬನಾದರೂ ಬೆರಳಿಟ್ಟು ಕೇಳಿಯೇ ಕೇಳುತ್ತಾನೆ.

ಗಾಡಿಯಲ್ಲಿ ವಾಪಸು ಬರುವಾಗ ಭಾಳ ಸಮಾಧಾನವಿತ್ತು. ಮಳಖೇಡ ದಾಟುವವರೆಗೆ.

ಫರ್ವರ್ದಿ ೧೪

ನಾನು ಮಾಡಿದ ಬಲಭುಜ ಸೇರುವುದು ಅದೇ ಎದೆಗೆ.

ಫರ್ವರ್ದಿ ೨೭

ಬಿಚ್ಚಬೇಕೆಂದು ಹೋದ ವಾರವೂ ಈ ವಾರವೂ ಹೋದೆ. ಆಗುತ್ತಿಲ್ಲ. ಉಸ್ತಾದರು ಎದೆಯ ಭಾಗವನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟಿದ್ದಾರೆ. ಕೊರಳಿನ ಕೆಲಸ ನಡೆದಿದೆ. ಹೊಸ ಚಷ್ಮಾ ಬಂದ ಮೇಲೆ ಅವರ ಕೈ ಎಷ್ಟು ಬೇಗ ಆಡುತ್ತದೆಂದರೆ ನಾನು ಎರಡು ಹಾಕುವುದರೊಳಗೆ ಅವರು ಐದು ಹಾಕುತ್ತಾರೆ. ಆ ಚಷ್ಮಾ ತಪ್ಪು ಕಡಿಯನ್ನು ನೋಡದೆ ಬಿಟ್ಟೀತೇ ಎಂದು ನನಗೆ ಒಳಗೊಳಗೇ ಪುಕುಪುಕು. ನೋಡಿದರೆ ತಮ್ಮದೇ ತಪ್ಪು ಎಂದುಕೊಳ್ಳುತ್ತಾರೆ. ನಲವತ್ತು ವರ್ಷ ತಪ್ಪದ ಕೈ ತಪ್ಪಿತೆಂದು ನೊಂದುಕೊಳ್ಳುತ್ತಾರೆ. ಕಲ್ಯಾಣಪ್ಪನ ಮುಖ ಕೆಡಿಸಲು ಹೋಗಿ ಯಾರ ಮುಖಕ್ಕೆ ಮಸಿ ಬಳಿದೆ ಎಂದು ಈಗ ತಿಳಿಯುತ್ತಿದೆ.

ಶಿವಕಾಂತಮ್ಮ ಇವತ್ತು ಕೇಳಿದಳು: "ಗ್ವಾಡಿ ಮ್ಯಾಲಿನ ಢಾಲಿನಾಗ ಗುಬ್ಬಿ ಗೂಡ ಕಟ್ಟಲಿಕತ್ತದ. ತಗೀಲೇನು?"

ಇರಲಿ ಬಿಡು ಅಂದೆ. ಅವಳು ನನ್ನ ಹಣೆ ಮುಟ್ಟಿ ನೋಡಿದಳು, ಜ್ವರ ಇದೆಯೋ ಎಂದು.

ಅರ್ದಿಬೆಹಿಷ್ತ್ ೧೮

ಅಂಗಿ ಮುಗಿಯಿತು.

ಭುಜ, ಎದೆ, ಬೆನ್ನು, ಕೊರಳು ಎಲ್ಲ ಒಂದಾಗಿ ಮಣೆಯ ಮೇಲಿತ್ತು. ಎಳ್ಳೆಣ್ಣೆ ಸವರಿ ಅರಿವೆಯಿಂದ ಒರೆಸಿದ್ದರು. ಉಸ್ತಾದರು ಕೈ ತೊಳೆಯಲು ಹಿತ್ತಲಿಗೆ ಹೋದರು. ನಾನು ಇಕ್ಕಳ ಎತ್ತಿಕೊಂಡೆ. ಕಿಸೆಯಲ್ಲಿ ಆ ದಿನ ಬಿಚ್ಚಿದ ಹಿತ್ತಾಳೆಯ ಕಡಿ ಇತ್ತು. ಅದನ್ನು ಈ ಮೂವತ್ತೈದು ದಿನವೂ ಜೊತೆಗೇ ಇಟ್ಟುಕೊಂಡು ತಿರುಗಿದ್ದೇನೆ. ಮೂರನೇ ಶಂಕರಪೋಳಿ ಹುಡುಕಿ ಇಕ್ಕಳ ಹಾಕಿದೆ.

"ಬಿಡ್ರಿ ವಕೀಲ್‌ಸಾಬ್. ಅದು ಇರ್ಲಿ."

ಬಾಗಿಲಲ್ಲಿ ನಿಂತಿದ್ದರು. ಚಷ್ಮಾ ಹಾಕಿಕೊಂಡಿದ್ದರು. ಕೋರ್ಟಿನಲ್ಲಿ ಎಂಥೆಂಥ ಕಳ್ಳರಿಗೂ ಮಾತು ಹೇಳಿಕೊಡುವವನು ನಾನು.

"ನಾನೇ ಹಾಕೀನಿ ಉಸ್ತಾದ್ರ" ಎಂದೆ. "ಬೇಕಂತ ಹಾಕೀನಿ."

"ಗೊತ್ತದ. ಆ ಶುಕ್ರವಾರ ನಮಾಜಿಂದ ಬಂದ ಕೂಡ್ಲೇ ಕಂಡೀನಿ. ಚಷ್ಮಾ ಇತ್ತಲ್ಲ."

ಅವರು ಬಂದು ಕುಳಿತು, ನನ್ನ ಕೈಯಿಂದ ಇಕ್ಕಳ ತೆಗೆದುಕೊಂಡು ಪಕ್ಕಕ್ಕಿಟ್ಟರು. ಆಮೇಲೆ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

"ನಮ್ಮಪ್ಪನ ಕಾಲದಾಗ ಒಂದ್ ಪದ್ಧತಿ ಇತ್ತು. ಜಿರಹ ಮಾಡಿದ್ರ ಅದರಾಗ ಒಂದ್ ಕಡಿ ತಪ್ಪು ಇರಬೇಕು, ನಜರ್ ತಾಕಬಾರ್ದಂತ. ಖರೆ ಅದನ್ನ ಮಾಡಿದಾಂವ ಹಾಕಬಾರ್ದು. ಊರಾಗ ಯಾರ ಹೊಟ್ಟಿ ಎಲ್ಲಾರಕಿಂತ ಜಾಸ್ತಿ ಉರೀಲಿಕತ್ತದ, ಅವರ ಕೈಲೆ ಹಾಕಸಬೇಕು. ಎಲ್ಲಾರಕಿಂತ ದೊಡ್ಡ ನಜರ್ ಒಳಗೇ ಕುಂತ್ರ, ಸಣ್ಣ ನಜರ್ ಏನ್ ಮಾಡ್ತಾವು? ನಮ್ಮಪ್ಪ ಅಂಥೋರ ಮನಿಗಿ ಹೋಗಿ, ಕೈ ಜೋಡಿಸಿ ಕೇಳ್ತಿದ್ದ. ನನಗ ಕೇಳೂದಕ್ಕ ನಾಚಿಕಿ. ಹ್ಯಾಂಗ ಕೇಳ್ಲಿ ಅಂತ ಇದ್ದೆ. ನೀವೇ ಹಾಕಿದ್ರಿ."

ಕಿವಿ ಸುಟ್ಟ ಹಾಗಾಯಿತು. ನಾನು ಕೇಳಿದೆ: "ಮೊದಲ್ನೇ ದಿನ ನನಗ ಕುಂದ್ರಿ ಅಂದಿದ್ರಲ್ಲ, ಅದಕ್ಕೇನು?"

"ಹೌದು" ಎಂದರು. ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ. "ಮೊದಲ್ನೇ ದಿನ ಅದಕ್ಕೇ. ಕಟ್ಟೀ ಮುಂದ ನಿಂತ ನಿಮ್ಮ ಮಾರಿ ನೋಡೀದೆ, ಈ ಅಂಗಿಗಿ ಬೇಕಾದ ಮನಷ್ಯಾ ಬಂದ ಅನಕೊಂಡೆ."

"ಆಮ್ಯಾಲ?"

"ಆಮ್ಯಾಲ ನಿಮ್ಮ ಕೈ ನೋಡೀದೆ."

ಜಾನಬಿ ಚಹಾ ತಂದರು. ಕಿಸೆಯಲ್ಲಿದ್ದ ಹಿತ್ತಾಳೆಯ ಕಡಿಯನ್ನು ತೆಗೆದು ಉಸ್ತಾದರ ಮುಂದಿಟ್ಟೆ. ಅವರು ಅದನ್ನು ಡಬ್ಬಿಯಲ್ಲಿದ್ದ ಉಳಿದ ಕಡಿಗಳೊಳಗೆ ಹಾಕಿದರು.

ಖುರ್ದಾದ್ ೧

ಯುಗಾದಿ. ಕಲ್ಯಾಣಪ್ಪನ ಮನೆಗೆ ಹೋಗಿದ್ದೆ. ಅವನು ಕರೆಯದಿದ್ದರೂ ಹೋಗುತ್ತಿದ್ದೆ.

ಪಡಸಾಲೆಯ ನಡುವೆ ಸಾಗವಾನಿ ಕಂಬಕ್ಕೆ ಅಡ್ಡಕೋಲು ಹಾಕಿ, ಅದರ ಮೇಲೆ ಅಂಗಿ ತೊಡಿಸಿದ್ದ. ಭಂಕೂರಿನಿಂದ, ವಾಡಿಯಿಂದ ಬಂದ ಬೀಗರು, ಗಣಿಯ ಪಾಲುದಾರರು, ಇಪ್ಪತ್ತು ಜನರಾದರೂ ಇದ್ದರು. ಬೇವು ಹಂಚಿ ಆದ ಮೇಲೆ ಕಲ್ಯಾಣಪ್ಪ ಎಲ್ಲರನ್ನೂ ಅಂಗಿಯ ಸುತ್ತ ನಿಲ್ಲಿಸಿಕೊಂಡ. ಮೊದಲು ಬಲಭುಜ ತೋರಿಸಿದ.

"ಇಲ್ಲಿ ನೋಡ್ರಿ, ಈ ಭುಜ. ಬೆನ್ನಕಿಂತ, ಎದೀಕಿಂತ ಇದರ ಕೆಲಸ ಛಲೋ ಅದ. ಉಸ್ತಾದನ ಕೈ ಅಂದ್ರ ಇದು."

ಉಸ್ತಾದರ ಕೈ. ನಾನು ಗೋಡೆಗೆ ಒರಗಿ ನಿಂತಿದ್ದೆ. ಬಾಯಿಯಲ್ಲಿ ಬೇವು ಇನ್ನೂ ಇತ್ತು. ಒಬ್ಬಿಬ್ಬರು ಭುಜವನ್ನು ಒಮ್ಮೆ ನೋಡಿ ತಲೆಯಾಡಿಸಿದರು. ಅಷ್ಟೇ. ಯಾರೂ ಎರಡನೆಯ ಸಲ ನೋಡಲಿಲ್ಲ. ಏಕೆಂದರೆ ಅಷ್ಟರಲ್ಲಿ ಕಲ್ಯಾಣಪ್ಪ ಎದೆಯ ಮೇಲೆ ಬೆರಳಿಟ್ಟಿದ್ದ.

"ಮತ್ತ ಇದನ್ನ ನೋಡ್ರಿ. ಇದೊಂದ್ ಕಡಿ ತಪ್ಪದ. ಮಜೀದಸಾಬ ಹೇಳ್ದ, ಈ ಸೀಮ್ಯಾಗ ಭಾಳ ಹೊಟ್ಟಿಕಿಚ್ಚಿನ ಮನಷ್ಯಾನ ಕೈಲೆ ಹಾಕಿಸ್ಯಾನಂತ. ಇನ್ನ ಯಾರ ನಜರ್ರೂ ತಾಕಂಗಿಲ್ಲಂತ. ಯಾರು ಅಂತ ಕೇಳಿದ್ರ ಹೇಳವಲ್ಲ."

ಜನ ಒಬ್ಬರ ಮೇಲೊಬ್ಬರು ಬಿದ್ದು ನೋಡಿದರು. ಮುದುಕಿಯರು ಎದ್ದು ಬಂದರು. ಒಬ್ಬರು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಯಾರಿರಬಹುದು ಎಂದು ಶುರುವಾದ ಮಾತು ಊಟ ಮುಗಿಯುವವರೆಗೂ ನಿಲ್ಲಲಿಲ್ಲ. ಚಿಂಚೋಳಿಯ ಯಾವನೋ ಇರಬೇಕು ಎಂದರು ಕೆಲವರು. ಕಲ್ಯಾಣಪ್ಪ ನನ್ನ ಎಲೆಗೆ ತುಪ್ಪ ಹಾಕಿಸುತ್ತ ಕೇಳಿದ: "ವಕೀಲ್ರ, ನೀವು ಅಲ್ಲೇ ಕುಂದ್ರತಿದ್ರಿ. ನಿಮಗೇನರ ಗೊತ್ತೇನು?"

ಅವನಿಗೆ ಗೊತ್ತಿತ್ತೋ ಇಲ್ಲವೋ ಅವನ ಮುಖದಲ್ಲಿ ಕಾಣಲಿಲ್ಲ. "ನನಗೇನ್ ಗೊತ್ರಿ" ಎಂದೆ.

ಬಲಭುಜದಲ್ಲಿ ನಾಲ್ಕು ಸಾವಿರ ಕಡಿಗಳಿವೆ. ಒಂದೊಂದೂ ನಾಲ್ಕರೊಳಗೆ ಹೋಗಿದೆ, ಒಂದೊಂದರ ಬಾಯಿಯೂ ಕೂದಲು ತೂರದ ಹಾಗೆ ಮುಚ್ಚಿದೆ. ಅವನ್ನು ಹಾಕಿದವರು ಯಾರೆಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಬೇಕಾದದ್ದು ಆ ಒಂದು ತಪ್ಪು ಕಡಿ. ಐದು ತಿಂಗಳ ಕೆಲಸವನ್ನು ಒಂದು ಗಳಿಗೆಯ ಕಡಿ ಹೊಡೆದುಕೊಂಡು ಹೋಯಿತು. ಆ ಕಡಿಯ ಮೇಲೆ ಬಂದಷ್ಟು ಹೊಟ್ಟೆಕಿಚ್ಚು ನನಗೆ ಕಲ್ಯಾಣಪ್ಪನ ಮೇಲೂ ಬಂದಿರಲಿಲ್ಲ.

ಮನೆಗೆ ಬಂದಾಗ ಢಾಲಿನ ಗೂಡಿನಲ್ಲಿ ಗುಬ್ಬಿ ಮರಿ ಮಾಡಿತ್ತು. ಶಿವಕಾಂತಮ್ಮ ಅದರ ಕೆಳಗೆ ಅಕ್ಕಿ ನುಚ್ಚು ಚೆಲ್ಲಿದ್ದಳು.

ನಾಳೆ ಮತ್ತೆ ಏಳರ ಗಾಡಿಗೆ ಹೋಗಬೇಕು. ಇನ್ನೊಂದು ಜಿರಹದ ಕೆಲಸ ಬಂದಿದೆ, ಈ ಸಲ ಎರಡೂ ಭುಜ ನಿಮ್ಮವೇ ಎಂದು ಉಸ್ತಾದರು ಹೇಳಿ ಕಳಿಸಿದ್ದಾರೆ. ತಂತಿ ಆಗಲೇ ಸುತ್ತಿಟ್ಟಿರುತ್ತಾರೆ. ಯಾರಿಗಾಗಿ ಎಂದು ಕೇಳುವುದನ್ನೇ ಮರೆತೆ.